ಬುಟ್ಟಿ ಎತ್ತಿಕೊಡದ ದಿನ

"ಬುಟ್ಟಿ ಹೊರ್ಗ್ ಇಡೆ ಬೇವರ್ಸಿ ರಂಡೆ. ಆಸ್ಪತ್ರೆ ಅಂದ್ರೆ ಮೀನ್ ಮಾರ್ಕೆಟ್ ಅಂದ್ಕಂಡಿದ್ಯಾ?"

ಜವಾನ ಮಂಜಯ್ಯ ಬೈದದ್ದು ಜಲಜಕ್ಕನನ್ನು. ಮೀನು ಆರಿಸುವಾಗ ಮುಳ್ಳು ಚುಚ್ಚಿ ಅವಳ ಬಲಗೈ ಮೊಣಕೈವರೆಗೆ ಬಾತಿತ್ತು. ಜ್ವರಕ್ಕೆ ಹಲ್ಲು ಕಟಕಟ ಅನ್ನುತ್ತಿತ್ತು. ಇನ್ನೂ ತಡವಾದರೆ ಕೈ ಉಳಿಯುವುದಿಲ್ಲ ಅನ್ನುವುದು ನನಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು.

ಗೋಡೆಯ ಮೇಲೆ ಎಲ್ಲರಿಗೂ ಉಚಿತ ಚಿಕಿತ್ಸೆ ಎಂದು ದೊಡ್ಡದಾಗಿ ಬರೆದಿದ್ದಾರೆ. ಆ ಎಲ್ಲರಲ್ಲಿ ಮೀನು ಮಾರುವ ನಾವು ಸೇರಿಲ್ಲ. ಡಾಕ್ಟರು ರವಿಚಂದ್ರ ತಮ್ಮ ಸ್ವಂತ ಕ್ಲಿನಿಕ್ಕು ಮುಗಿಸಿ ಇಲ್ಲಿಗೆ ಬರುವುದು ಬಿಸಿಲೇರಿದ ಮೇಲೆ. ಅವರನ್ನು ಕಾಯುತ್ತ ಕೂತರೆ ಮೀನು ಕೊಳೆಯುತ್ತದೆ. ಬುಟ್ಟಿ ಒಳಗೆ ತರುವಂತಿಲ್ಲ, ಹೊರಗಿಟ್ಟರೆ ಕಾಗೆ ನಾಯಿ ಬಿಡುವುದಿಲ್ಲ. ಹಾಗಾಗಿ ನಮ್ಮಲ್ಲಿ ಒಬ್ಬಳೂ ಅವರೆದುರಿನ ಸ್ಟೂಲಿನ ಮೇಲೆ ಕೂತವಳಲ್ಲ. ಅವರ ಅಡುಗೆಮನೆ ಬಾಗಿಲಲ್ಲಿ ಮಾತ್ರ ದಿನಾ ಕೂರುತ್ತೇವೆ. ಡಾಕ್ಟರ ಹೆಂಡತಿ ಅಂಜಲ್ ಮೀನಿನ ಕಿವಿರು ಎತ್ತಿ, ಮೂಗಿಗೆ ಹಿಡಿದು ನೋಡಿಯೇ ಕೊಳ್ಳುವುದು. ಅಲ್ಲಿ ನಾತವಿಲ್ಲ.

ಜಲಜಕ್ಕ ಬುಟ್ಟಿಯ ಮುಂದೆ ಬಗ್ಗಿದಳು. "ಪದ್ದು, ಚೂರ್ ಹೊರ್ಸ್ ಹೆಣ್ಣೆ. ನಾ ಹೋತೆ."

ಬುಟ್ಟಿ ತಲೆಗೆ ಎತ್ತಿಕೊಡು ಅಂದರೆ ನಮ್ಮಲ್ಲಿ ಯಾರೂ ಇಲ್ಲ ಅನ್ನುವುದಿಲ್ಲ. ಜಗಳವಾಡಿ ಮಾತು ಬಿಟ್ಟವರೂ ಬಂದು ಕೈಹಚ್ಚುತ್ತಾರೆ. ಅವತ್ತು ನಾನು ಎತ್ತಿಕೊಡಲಿಲ್ಲ. ನಮ್ಮ ಜೊತೆಗೇ ಬುಟ್ಟಿ ಹೊತ್ತು ಬಂದಿದ್ದ ಅಕ್ಕುವನ್ನು ಕರೆದು, ಆಚೆ ಈಚೆ ಹಿಡಿದು, ಬುಟ್ಟಿಯನ್ನು ಸೀದಾ ಡಾಕ್ಟರ ಕೋಣೆಗೆ ಒಯ್ದೆ. ಹಿಂದೆಯೇ ಇನ್ನೊಬ್ಬ ಜೊತೆಗಾತಿ ಕಮಲಳ ಬುಟ್ಟಿ, ನನ್ನದು, ಅಕ್ಕುವಿನದು. ಮಂಜಯ್ಯ ಅಡ್ಡ ಬಂದ. ಅಕ್ಕು ಮೀನು ಕೊಯ್ಯುವ ಕತ್ತಿಯನ್ನು ಬುಟ್ಟಿಯ ಮೇಲಿಟ್ಟು ಅವನನ್ನೇ ನೋಡುತ್ತ ನೆಲಕ್ಕೆ ಕೂತಳು.

ಡಾಕ್ಟರು ಬಂದವರು ಮೂಗಿಗೆ ಕರವಸ್ತ್ರ ಒತ್ತಿಕೊಂಡರು. ಮೊದಲು ಈ ಹೊಲಸು ಹೊರಗೆ ಹೋಗಲಿ, ಆಮೇಲೆ ನೋಡೋಣ ಎಂದರು.

"ಡಾಕ್ಟ್ರೆ, ನಿಮ್ಮನಿಗ್ ಬಪ್ಪು ಮೀನೇ ಇದ್. ಇವತ್ತ್ ಇಲ್ಲಿಗ್ ತಂದದ್ದ್," ಎಂದೆ. "ಮೊದ್ಲ್ ಈ ಕೈ ಕಾಣಿ."

ಜಲಜಕ್ಕನನ್ನು ಸ್ಟೂಲಿನ ಮೇಲೆ ಕೂರಿಸಿದೆ. ಅವಳು ಬಾತ ಕೈಯನ್ನು ಮೇಜಿನ ಮೇಲೆ ಚಾಚಿದಳು.

ಡಾಕ್ಟರು ಮಂಜಯ್ಯನ ಕಡೆ ಕಣ್ಣು ಮಾಡಿದರು. ಅವನು ಬುಟ್ಟಿಯ ಅಂಚು ಹಿಡಿದು ಜಗ್ಗಿದ. ಐಸು ತುಂಬಿದ ಬುಟ್ಟಿ ಕದಲಲಿಲ್ಲ.

"ಯಾರಾರೂ ಒಂದ್ ಕೈ ಹಿಡಿನಿ," ಎಂದ.

ನಾವು ಯಾರೂ ಕೈಹಚ್ಚಲಿಲ್ಲ. ಐಸಿನ ನೀರು ಮೇಜಿನಡಿ ಹರಿದು ಡಾಕ್ಟರ ಬೂಟಿನವರೆಗೆ ಬಂತು. ಜಲಜಕ್ಕ ಕೈ ಹಿಂದಕ್ಕೆ ತೆಗೆಯಲಿಲ್ಲ.