ಐದು ಚಡ್ಡಿ, ಹನ್ನೆರಡು ಟವೆಲ್ಲು

ಇದು ನಿಜವಾಗಿ ನಡೆದ ಕಥೆ. ಕಥೆ ನಡೆಯಿತು, ಕಥಾನಾಯಕಿ ಮಾತ್ರ ಕೂತ ಸೀಟಿನಿಂದ ಏಳಲಿಲ್ಲ. ರಾದ್ಧಾಂತ ಶುರುವಾದದ್ದೇ ಅಲ್ಲಿಂದ.

ಸೀಟು ಬಸ್ಸಿನ ಡ್ರೈವರಿನದು. ಅದರಲ್ಲಿ ಕೂತಿದ್ದವಳನ್ನು ಮನೆಯಲ್ಲಿ ಚಿಕ್ಕಿ ಎಂದು ಕರೆಯುತ್ತಿದ್ದರು. ಆ ಲೆಕ್ಕದಲ್ಲಿ ಅವಳ ಅಕ್ಕನನ್ನು ದೊಡ್ಡಿ ಎನ್ನಬೇಕಿತ್ತು. ಹಾಗೆನ್ನುವ ಎದೆಗಾರಿಕೆ ಯಾರಿಗೂ ಇರಲಿಲ್ಲ. ಅಕ್ಕ ದೊಡ್ಡ ಹೋಟೆಲೊಂದರ ಲಾಂಡ್ರಿಯ ಮೇಲ್ವಿಚಾರಕಿ, ಹದಿನಾರು ವರ್ಷ ಹಬೆಯಲ್ಲಿ ಬೆಂದವಳು. ಬಟ್ಟೆಯ ಕರೆ ತೆಗೆಯುವುದರಲ್ಲಿ ಎತ್ತಿದ ಕೈ, ಎದುರಿನವರ ತಪ್ಪು ತೆಗೆಯುವುದರಲ್ಲಿ ಎತ್ತಿದ ಎರಡೂ ಕೈ. "ತಪ್ಪಾಯ್ತು" ಎಂಬ ಮಾತು ಅವಳ ಬಾಯಿಂದ ಬಿದ್ದದ್ದನ್ನು ಆ ಮನೆಯ ಗೋಡೆಗಳೂ ಕೇಳಿರಲಿಲ್ಲ. "ಹುಟ್ಟಿದಾಗ ಇವಳು ಅತ್ತಿದ್ದೇ ಡಾಕ್ಟರಿಗೆ ಬುದ್ಧಿ ಹೇಳಕ್ಕೆ" ಎಂದು ಅಮ್ಮ ಅನ್ನುವುದಿತ್ತು, ಅಕ್ಕ ಡ್ಯೂಟಿಗೆ ಹೋದ ಮೇಲೆ.

ಚಿಕ್ಕಿ ಬಸ್ ಓಡಿಸುವುದನ್ನು ಕಲಿಯುತ್ತಿದ್ದಳು. ಡಿಪೋದಲ್ಲಿ ಹೆಂಗಸರ ಶೌಚಾಲಯವೆಂದರೆ ಒಂದು ಬಾಗಿಲು, ಬಾಗಿಲಿಗೊಂದು ಬೀಗ, ಬೀಗದ ಕೈ ಸದಾ ರಜೆಯ ಮೇಲಿರುವ ಯಾರದೋ ಜೇಬಿನಲ್ಲಿ. ಮುಟ್ಟಿನ ದಿನಗಳಲ್ಲಿ ಪ್ಯಾಡು ಬದಲಾಯಿಸಲು ಜಾಗವಿಲ್ಲ, ಎಸೆಯಲು ಡಬ್ಬಿಯಿಲ್ಲ. ಇಂಜಿನ್ನಿನ ಕಾವಿಗೆ, ಸೀಟಿನ ಕುಲುಕಾಟಕ್ಕೆ ತೊಡೆಸಂದು ಸುಲಿದುಹೋಗುತ್ತಿತ್ತು. ಹಾಗಾಗಿ ಅವಳು ಒಗೆದೊಗೆದು ಹಾಕಿಕೊಳ್ಳುವ ಮುಟ್ಟಿನ ಒಳಉಡುಪಿನ ಕಡೆ ಹೊರಳಿದಳು. ಮನೆಯಲ್ಲಿ ಅದರ ಹೆಸರು 'ತಿಂಗಳ ಚಡ್ಡಿ'.

ಗಂಡು ನೋಡುವವರೂ ಅಷ್ಟು ವಿಚಾರಿಸಿರಲಾರರು. ಹಳೆಯ ಸೈಜನ್ನು ನಂಬದೆ ಟೇಪು ಹಿಡಿದು ಸೊಂಟ, ತೊಡೆ ಎಲ್ಲ ಹೊಸದಾಗಿ ಅಳೆದುಕೊಂಡಳು. ಸಡಿಲವಾದರೆ ಪಕ್ಕದಿಂದ ಸೋರುತ್ತದೆ, ಬಿಗಿಯಾದರೆ ಎಂಟು ಗಂಟೆ ಕೂರಲಾಗದು. ಕೂತು ಮಾಡುವ ಕೆಲಸದವಳಿಗೆ ಹೀರುವ ಪದರ ಹಿಂದುಗಡೆ ಸೊಂಟದ ಪಟ್ಟಿಯವರೆಗೂ ಬಂದಿರಬೇಕು. ಮೊದಲು ಒಂದನ್ನೇ ತರಿಸಿ, ಅಡುಗೆಮನೆಯ ಕಟ್ಟೆಯ ಮೇಲೆ ಹರಡಿ, ಟೀ ಚಮಚದಿಂದ ನೀರು ಕುಡಿಸಿದಳು. ಒಂದು ಚಮಚ ಹೋಯಿತು, ಎರಡು ಹೋಯಿತು. ನಾಲ್ಕನೆಯದನ್ನೂ ಕುಡಿದ ಚಡ್ಡಿ ತೇಗಲಿಲ್ಲ, ಅಷ್ಟೇ. ತಳಕ್ಕೆ ಕೈಯೊತ್ತಿದರೆ ಒಣಗಿಯೇ ಇತ್ತು. ಆಮೇಲೆ ಇನ್ನೂ ನಾಲ್ಕು ಬಂದವು.

ಆರೈಕೆಯಂತೂ ಬಾಣಂತಿಯ ಆರೈಕೆ. ಕಳಚಿದ ಕೂಡಲೇ ತಣ್ಣೀರಿನಲ್ಲಿ, ಹಿಂಡಿದ ನೀರು ತಿಳಿಯಾಗುವವರೆಗೆ ಜಾಲಿಸಬೇಕು. ಬಿಸಿನೀರು ತಾಗಿಸಿದರೆ ಕಲೆ ಕಚ್ಚಿಕೊಳ್ಳುತ್ತದೆ. ಸೋಪು ಚೂರೇ ಚೂರು. ಬ್ಲೀಚ್ ಬೇಡ, ಇಸ್ತ್ರಿ ಬೇಡ, ಬಿಸಿಗಾಳಿಯ ಯಂತ್ರ ಬೇಡ. ಹಗ್ಗದ ಮೇಲೆ ಗಾಳಿಗೆ ಒಣಗಿದರೆ ಸಾಕು. ಬಟ್ಟೆ ಮೆತ್ತಗಾಗಲೆಂದು ಹಾಕುವ ಪರಿಮಳದ ಸಾಫ್ಟ್‌ನರ್ ಅಂತೂ ಹತ್ತಿರಕ್ಕೂ ಬರಕೂಡದು. ಅದು ಎಳೆಯೆಳೆಗೂ ಜಿಡ್ಡಿನ ಅಂಗಿ ತೊಡಿಸಿ, ಹೀರುವ ಬಟ್ಟೆಯ ಬಾಯಿ ಮುಚ್ಚಿಸಿಬಿಡುತ್ತದೆ. ಇದನ್ನೆಲ್ಲ ಚಿಕ್ಕಿ ದಪ್ಪ ಅಕ್ಷರದಲ್ಲಿ ಬರೆದು ಬೀರುವಿನ ಬಾಗಿಲಿಗೆ ಅಂಟಿಸಿದ್ದಳು. ನಾಲ್ಕು ತಿಂಗಳು ಒಂದು ಹನಿಯೂ ಆಚೀಚೆ ಆಗಲಿಲ್ಲ.

ಕೊನೆಯ ಡ್ರೈವಿಂಗ್ ಪರೀಕ್ಷೆ ಸರಿಯಾಗಿ ಮುಟ್ಟಿನ ಮೊದಲ ದಿನಕ್ಕೆ ಬಿತ್ತು. ಬೀಳಲಿ, ಚಡ್ಡಿಯಿದೆಯಲ್ಲ, ಎಂದು ಚಿಕ್ಕಿ ಸೀಟು ಹತ್ತಿದಳು. ಪಕ್ಕದಲ್ಲಿ ಪರೀಕ್ಷಕರು, ಹಿಂದೆ ತಮ್ಮ ಸರದಿಗೆ ಕಾದ ಐವರು ಗಂಡಸರು. ತಿರುವು, ರಿವರ್ಸು, ಸಂದಿಯಲ್ಲಿ ನಿಲ್ಲಿಸುವುದು, ಎಲ್ಲ ಬೆಣ್ಣೆಯಲ್ಲಿ ಕೂದಲು ತೆಗೆದಂತೆ ಆಯಿತು. ಏರಿನಲ್ಲಿ ನಿಂತು ಹೊರಡುವಾಗ ಬಸ್ಸು ಬೆರಳಷ್ಟೂ ಹಿಂದಕ್ಕೆ ಸರಿಯಲಿಲ್ಲ. ಆದರೆ ಅದೇ ಏರಿನಲ್ಲಿ ಅವಳಿಗೆ ಗೊತ್ತಾಯಿತು, ಕೆಳಗೆ ಬೆಚ್ಚಗೆ ಹರಡುತ್ತಿದೆ. ಸಮವಸ್ತ್ರ ತಿಳಿ ಬೂದು. ಸೀಟಿನ ಬಟ್ಟೆಯೂ ತಿಳಿ ಬೂದು.

ಉಳಿದದ್ದು ಒಂದೇ ಭಾಗ: ಕೆಳಗಿಳಿದು, ಬಸ್ಸಿನ ಸುತ್ತ ನಡೆದು, ಟೈರು, ದೀಪ, ಬಾಗಿಲುಗಳನ್ನು ಒಂದೊಂದಾಗಿ ಮುಟ್ಟಿ ನೋಡಬೇಕು.

"ಇಳೀರಿ" ಎಂದರು ಪರೀಕ್ಷಕರು.

"ಸರ್... ಇಲ್ಲಿಂದಲೇ ಹೇಳ್ತೀನಿ."

"ಇಲ್ಲಿಂದಲೇ ಹಿಂದಿನ ಟೈರು ಮುಟ್ತೀರಾ? ಕೈ ಅಷ್ಟುದ್ದ ಇದೆಯಾ?"

ಹಿಂದಿನ ಐವರು ಕಿಸಕ್ಕೆಂದರು. ಪರೀಕ್ಷಕರೊಬ್ಬರೇ ಇದ್ದಿದ್ದರೆ ಹೇಳಿಬಿಡುತ್ತಿದ್ದಳೋ ಏನೋ. ಆ ಐದು ನಗೆ ಬಾಯಿಗೆ ಬೀಗ ಜಡಿಯಿತು. ಪರೀಕ್ಷಕರು ಐದು ನಿಮಿಷ ಕಾದು, 'ವಾಹನದಿಂದ ಇಳಿಯಲು ನಿರಾಕರಿಸಿದರು' ಎಂದು ಬರೆದರು. ಮುಂದಿನ ಅವಕಾಶ ಮೂರು ತಿಂಗಳಾದ ಮೇಲೆ. ಎಲ್ಲರೂ ಟೀ ಕುಡಿಯಲು ಹೋದಾಗ ಅವಳು ಬಾಟಲಿಯ ನೀರಿನಿಂದ ಸೀಟು ತೊಳೆದು, ಬ್ಯಾಗನ್ನು ಬೆನ್ನ ಕೆಳಗೆ ಇಳಿಬಿಟ್ಟುಕೊಂಡು ಮನೆಗೆ ಬಂದಳು.

ಬಂದವಳೇ ಬೀರು ತೆಗೆದಳು. ಉಳಿದ ನಾಲ್ಕೂ ಚಡ್ಡಿಗಳು ಬೆಕ್ಕಿನ ಮರಿಗಳ ಹಾಗೆ ಮೆತ್ತಗೆ ಉಬ್ಬಿ ಕೂತಿದ್ದವು. ಮೂಸಿದಳು. ಹೋಟೆಲಿನ ಹಾಸಿಗೆಯ ಘಮ. ಒಂದರ ಮೇಲೆ ಚಮಚ ನೀರು ಹಾಕಿದಳು. ನೀರು ಒಳಗಿಳಿಯಲಿಲ್ಲ, ಗಾಜಿನ ಗೋಲಿಯಂತೆ ದುಂಡಗೆ ನಿಂತು, ಆಕಡೆ ಈಕಡೆ ನೋಡಿ, ಉರುಳಿ ನೆಲಕ್ಕೆ ಹಾರಿತು.

ಸಂಜೆ ಅಕ್ಕ ಬಂದಳು.

"ಅಕ್ಕಾ, ನನ್ನ ಚಡ್ಡಿ ನೀನು ಒಗೆದ್ಯಾ?"

"ಹೂಂ, ಹೋದ ವಾರ. ಥ್ಯಾಂಕ್ಸ್ ಹೇಳಕ್ಕೆ ಇಷ್ಟು ದಿನ ಬೇಕಾಯ್ತಾ? ಗೋಣಿಚೀಲದ ಥರ ಇದ್ವು, ಪಾಪ ಅನ್ನಿಸ್ತು. ಹೋಟೆಲ್ಲಿಗೆ ತಗೊಂಡೋಗಿ ಒಳ್ಳೇ ಸಾಫ್ಟ್‌ನರಲ್ಲಿ ಅದ್ದಿ ತಂದೆ. ರೇಷ್ಮೆ ಆಗಿಲ್ವಾ?"

"ಹಾಕಬಾರದು ಅಂತ ಬೀರುಗೇ ಅಂಟಿಸಿದ್ನಲ್ಲ!"

"ಹದಿನಾರು ವರ್ಷದಿಂದ ಬಟ್ಟೆ ಒಗೀತಿದೀನಿ ಕಣೆ. ಚೀಟಿ ಓದ್ಕೊಂಡು ಒಗೆಯೋಕೆ ನಾನೇನು ನಿನ್ನೆ ಬಂದೋಳಾ? ಒಳಗೆ ಹಾಕ್ಕೊಳೋದು ಮೆತ್ತಗೇ ಇರ್ಬೇಕು."

"ಅದರಿಂದಲೇ ಸೋರ್ತು. ನಾನು ಫೇಲಾದೆ."

"ಸೋರ್ತು ಅಂದ್ರೆ ಮಾಲೇ ಸರಿ ಇಲ್ಲ. ನೀನು ಆರಿಸೋವಾಗಲೇ ಎಡವಿದೀಯ" ಎಂದು ಅಕ್ಕ ಮುಖ ತೊಳೆಯಲು ಹೋದಳು. ಆಮೇಲೆ ಫೋನಿನಲ್ಲಿ ಚಿಕ್ಕಮ್ಮನಿಗೆ ಹೇಳುತ್ತಿದ್ದುದು ಗೋಡೆಯ ಈಚೆಗೂ ಕೇಳಿಸಿತು: "ಯಾವುದೋ ಕಳಪೆ ಮಾಲು ತಗೊಂಡು, ಸೋರಿಸ್ಕೊಂಡು, ಈಗ ನನ್ನ ತಲೆಗೆ ಕಟ್ತಿದಾಳೆ ಚಿಕ್ಕಮ್ಮಾ. ಒಗೆದುಕೊಟ್ಟಿದ್ದೇ ನಂದು ತಪ್ಪಾ?"

ಚಿಕ್ಕಿಯ ಸಿಟ್ಟಿನ ಇಂಜಿನ್ ಸ್ಟಾರ್ಟ್ ಆಯಿತು.

ಎರಡು ವಾರ ಅವಳು ಸೇಡುಗಳನ್ನು ಚಡ್ಡಿ ಆರಿಸಿದಷ್ಟೇ ಮುತುವರ್ಜಿಯಿಂದ ಆರಿಸಿದಳು. ಚಹಾಕ್ಕೆ ಉಪ್ಪು? ಅಲ್ಪ ಸೇಡು. ಅಕ್ಕನ ನೀಲಿ ಸಮವಸ್ತ್ರಕ್ಕೆ ಬ್ಲೀಚು? ಕೋಪ ತೀರುತ್ತದೆ, ಆದರೆ ಅಕ್ಕ ಬಟ್ಟೆ ಅಂಗಡಿಯವನನ್ನೇ ಬೈದುಕೊಂಡು ಓಡಾಡುತ್ತಾಳೆ. ಬೇಕಾದದ್ದು ಅಕ್ಕನ ಬಾಯಿಂದಲೇ, ನಾಲ್ಕು ಜನರೆದುರು, 'ತಪ್ಪು ನನ್ನದು' ಎಂಬ ಎರಡು ಪದ. ಅದು ಬರೀ ಮಾನದ ಮಾತಲ್ಲ. ತಪ್ಪೊಪ್ಪದ ಕೈ ಮುಂದಿನ ಪರೀಕ್ಷೆಯ ಹೊತ್ತಿಗೆ ಮತ್ತೆ ಪ್ರೀತಿಯಿಂದ ಸಾಫ್ಟ್‌ನರ್ ಹಾಕಿ ಒಗೆದಿಡುತ್ತದೆ.

ದಾರಿ ಸಿಕ್ಕಿದ್ದು ಅಣಕದಲ್ಲಿ. ಅಕ್ಕ ಇಲ್ಲದಾಗ ಅಮ್ಮನನ್ನು ನಗಿಸಲು ಚಿಕ್ಕಿ ಅಕ್ಕನ ನಕಲು ಮಾಡುತ್ತಿದ್ದಳು. ಅಂದೂ ಸೊಂಟದ ಮೇಲೆ ಕೈಯಿಟ್ಟು, ಮೂಗಿನ ಹೊಳ್ಳೆ ಅರಳಿಸಿ, ಅಕ್ಕ ಹೊಸ ಹುಡುಗಿಯರಿಗೆ ಪಾಠ ಹೇಳುವ ದನಿಯಲ್ಲಿ ಶುರುಮಾಡಿದಳು: "ಹುಡುಗೀರಾ! ಟವೆಲ್ಲು ಅಂದ್ರೆ ಏನು? ಕುಡುಕ! ಕಂಡ ನೀರೆಲ್ಲ ಕುಡೀಬೇಕು! ಟವೆಲ್ಲಿಗೆ ಸಾಫ್ಟ್‌ನರ್ ಹಾಕಿದೋಳು ನನ್ನ ಲಾಂಡ್ರಿಲಿ..."

ಅಲ್ಲಿಗೆ ನಿಲ್ಲಿಸಿ ಬಾಯಿ ತೆರೆದುಕೊಂಡೇ ನಿಂತಳು.

"ಏನಾಯ್ತೇ? ನೊಣ ಹೋಯ್ತಾ?" ಎಂದಳು ಅಮ್ಮ.

"ಅಮ್ಮಾ, ಅವಳಿಗೆ ಗೊತ್ತು! ಟವೆಲ್ಲಿಗೆ ಹಾಕಬಾರದು ಅಂತ ಅವಳೇ ಪಾಠ ಮಾಡ್ತಾಳೆ! ಚಡ್ಡೀನೂ ಕುಡುಕರ ಜಾತೀನೇ ಅಂತ ಮಾತ್ರ ಹೊಳೆದಿಲ್ಲ ಅವಳಿಗೆ."

ಭಾನುವಾರ ಬೆಳಿಗ್ಗೆ ಹೊಸದಾಗಿ ಸೇರಿದ ಮೂವರು ಹುಡುಗಿಯರು ಚಾದರ ಮಡಿಸುವುದನ್ನು ಕಲಿಯಲು ಮನೆಗೆ ಬರುವವರಿದ್ದರು. ಶನಿವಾರ ಅಕ್ಕ ಡ್ಯೂಟಿಗೆ ಹೊರಟದ್ದೇ ತಡ, ಚಿಕ್ಕಿ ಮನೆಯಲ್ಲಿ ಹೀರುವ ಬಾಯಿ ಇದ್ದ ಬಟ್ಟೆಯನ್ನೆಲ್ಲ ಹಿಡಿದು ತಂದಳು. ಹನ್ನೆರಡು ಟವೆಲ್ಲು, ಕೈ ಒರೆಸುವವು, ಕಟ್ಟೆ ಒರೆಸುವವು, ನೆಲ ಒರೆಸುವ ಹಳೆಯ ಬನಿಯನ್ನು ಸಮೇತ. ಬಕೆಟ್ಟಿಗೆ ಅಕ್ಕನದೇ ಸಾಫ್ಟ್‌ನರ್ ಸುರಿದು, ಒಮ್ಮೆಯಲ್ಲ, ಮೂರು ಸಲ ಅದ್ದಿ ಒಣಗಿಸಿದಳು. ಹಲ್ಲು ಕಚ್ಚಿಕೊಂಡು ಹಿಂಡಿದಳು. ಒಂದೊಂದನ್ನು ಹಿಂಡುವಾಗಲೂ ಹಿಂದಿನ ಸೀಟಿನ ಆ ಕಿಸಕ್ ಕೇಳಿಸುತ್ತಿತ್ತು.

ಅಮ್ಮ ಬಾಗಿಲಲ್ಲಿ ನಿಂತು ನೋಡಿದಳು. "ನಂದೊಂದು ಟವೆಲ್ ಬಿಟ್ಟುಬಿಡು. ಮಿಕ್ಕಿದ್ದು ನಾನು ನೋಡಿಲ್ಲ."

ಭಾನುವಾರ ಅಕ್ಕ ತಲೆಗೆ ಸ್ನಾನ ಮಾಡಲು ಹೋದಳು. ಹತ್ತು ನಿಮಿಷದಲ್ಲಿ ಮುಗಿಯುವ ಸ್ನಾನ ಅರ್ಧ ಗಂಟೆಯಾಯಿತು. ಒಳಗಿಂದ ಮೊದಲು "ಥತ್", ಆಮೇಲೆ "ಅಯ್ಯೋ ಇದೇನು", ಕೊನೆಗೆ "ಅಮ್ಮಾ, ಇನ್ನೊಂದು ಟವೆಲ್ ಕೊಡು!" ಅಮ್ಮ ಕೊಟ್ಟಳು. ಮತ್ತೊಂದನ್ನೂ ಕೊಟ್ಟಳು. ಹುಡುಗಿಯರು ಬಂದು ಕೂತಾಗ ಅಕ್ಕ ಜಡೆಯಿಂದ ತೊಟ ತೊಟ ನೀರು ಬೀಳಿಸುತ್ತ, ಕುಪ್ಪಸ ಬೆನ್ನಿಗಂಟಿಸಿಕೊಂಡು, ಏನೂ ಆಗಿಲ್ಲವೆಂಬ ಮುಖದಲ್ಲಿ ಹೊರಬಂದಳು.

"ಮೇಡಂ, ಮಳೆಯಲ್ಲಿ ಸಿಕ್ಕಾಕೊಂಡ್ರಾ?" ಎಂದಳು ಅವರಲ್ಲೊಬ್ಬಳು, ಮುಗ್ಧವಾಗಿ.

"ಮಾತು ಕಮ್ಮಿ. ಚಾದರದ ಮೂಲೆ ಹಿಡಿ."

ಬಿಳಿ ಚಾದರ ಮೇಜಿನ ಮೇಲೆ ಹರಡಿತು. ಚಿಕ್ಕಿ ಟೀ ತಂದಳು. ಗೇರು ಬದಲಿಸುವ ಅಭ್ಯಾಸವಿದ್ದ ಮೊಣಕೈ ನಾಜೂಕಾಗಿ ಒಂದು ಲೋಟವನ್ನು ನ್ಯೂಟ್ರಲ್ಲಿನಿಂದ ಉರುಳಿಗೆ ತಂದಿತು. ಟೀ ಚಾದರದತ್ತ ಹರಿಯಿತು.

"ಒರೆಸೋ ಬಟ್ಟೆ! ಬೇಗ!" ಅಕ್ಕ ಕೂಗಿದಳು. ಬಟ್ಟೆ ಕೈಗೆ ಬಂತು. ಒರೆಸಿದಳು. ಬಟ್ಟೆ ಬಸ್ಸಿನ ವೈಪರಿನಂತೆ ಟೀಯನ್ನು ಆಕಡೆ ತಳ್ಳಿತು, ಈಕಡೆ ತಳ್ಳಿತು, ಒಂದು ತೊಟ್ಟೂ ಕುಡಿಯಲಿಲ್ಲ. ಇನ್ನೊಂದು ಬಟ್ಟೆ. ಟೀ ಇನ್ನಷ್ಟು ಅಗಲವಾಯಿತು. ಟವೆಲ್ಲು ಬಂತು, ಟೀ ಮೇಜಿನಿಂದ ಇಳಿದು ನೆಲದ ಮೇಲೆ ವಾಕಿಂಗ್ ಹೊರಟಿತು. ಹುಡುಗಿಯರು ಕಾಲೆತ್ತಿಕೊಂಡು ಕೂತರು.

ಅಕ್ಕನ ಕೈ ತಟ್ಟನೆ ನಿಂತಿತು. ಟವೆಲ್ಲನ್ನು ಹೆಬ್ಬೆರಳಿನಿಂದ ಉಜ್ಜಿದಳು, ಮೂಗಿಗೆ ಹಿಡಿದಳು. ಹದಿನಾರು ವರ್ಷದ ಅನುಭವ ಮೂಗಿನ ತುದಿಯಲ್ಲಿ ಭುಗಿಲೆಂದಿತು.

"ಯಾವ ಕತ್ತೆ ಇದಕ್ಕೆ ಸಾಫ್ಟ್‌ನರ್ ಹಾಕಿದ್ದು? ಹುಡುಗೀರಾ, ಬರ್ಕೊಳಿ! ನೀರು ಹೀರೋ ಬಟ್ಟೆ ಯಾವುದೇ ಇರ್ಲಿ, ಯಾ-ವು-ದೇ ಇರ್ಲಿ, ಅದಕ್ಕೆ ಸಾಫ್ಟ್‌ನರ್ ಹಾಕಿದೋರಿಗೆ ಬಟ್ಟೆ ಮುಟ್ಟೋ ಯೋಗ್ಯತೇನೇ ಇಲ್ಲ!"

ಮೂವರೂ ಬರೆದುಕೊಂಡರು. ಅಮ್ಮ ಸೆರಗು ಬಾಯಿಗೆ ತುಂಬಿಕೊಂಡಳು.

ಚಿಕ್ಕಿ ಒಂದು ಕಪ್ಪು ಚಡ್ಡಿಯನ್ನು ತಂದು, ಚಾದರದ ಒಣಗಿದ ಮೂಲೆಯಲ್ಲಿ ಹರಡಿ, ಚಮಚದಿಂದ ನೀರು ಬಿಟ್ಟಳು. ಗೋಲಿ ನಿಂತಿತು. ಹೊಸ ಹುಡುಗಿಯರ ಮೆಲುದನಿಯನ್ನು ಗಂಟಲಿಗೆ ತಂದುಕೊಂಡು ಕೇಳಿದಳು: "ಮೇಡಂ, ಒಂದು ಡೌಟು. ಇದೂ ನೀರು ಹೀರೋ ಬಟ್ಟೇನಾ?"

ಒಬ್ಬ ಹುಡುಗಿ ಬಗ್ಗಿ ಮೂಸಿ, "ಮೇಡಂ, ಇದಕ್ಕೂ ಯಾವುದೋ ಕತ್ತೆ ಹಾಕಿದೆ" ಎಂದು ವರದಿ ಒಪ್ಪಿಸಿದಳು.

ಅಕ್ಕ ಚಡ್ಡಿಯನ್ನು ಎತ್ತಿ ಹೀರುವ ಪದರವನ್ನು ಹೆಬ್ಬೆರಳಿನಿಂದ ಒತ್ತಿದಳು. ಮೊದಲ ಸಲ ಅದನ್ನು ಸರಿಯಾಗಿ ಒತ್ತಿ ನೋಡುತ್ತಿದ್ದಳು. ಮುಖದ ಗತ್ತು ಒಂದೊಂದೇ ಮೆಟ್ಟಿಲು ಇಳಿದುಹೋಯಿತು. ಚಿಕ್ಕಿ ಕಣ್ಣು ಮಿಟುಕಿಸದೆ ನೋಡಿದಳು; ಎರಡು ವಾರದ ಹಸಿವು ಅವಳದು, ಒಂದು ತುತ್ತನ್ನೂ ಬಿಡಲಿಲ್ಲ.

"ಯಾವುದೋ ಅಲ್ಲ" ಎಂದಳು ಅಕ್ಕ. "ಈ ಕತ್ತೆ. ನಾನೇ ಹಾಕಿದ್ದು. ಇವಳು ಸರಿಯಾಗೇ ಆರಿಸಿದ್ಲು, ಸರಿಯಾಗೇ ಚೀಟೀನೂ ಬರೆದಿದ್ಲು. ನನ್ನಿಂದ ಇವಳು ಫೇಲಾದ್ಲು." ಮಾತು ಹೊಸ ಚಪ್ಪಲಿಯಂತೆ ಕಚ್ಚಿತು. "ತಪ್ಪು ನಂದು ಕಣೆ."

"ಚಿಕ್ಕಮ್ಮಂಗೂ ಹೇಳು."

"ಹೇಳ್ತೀನಿ. ಇದನ್ನ ಸರಿ ಮಾಡೋದೂ ನಂದೇ. ಸಾಫ್ಟ್‌ನರ್ ಬಿಡೋವರೆಗೂ, ನಾಲ್ಕಲ್ಲ ಹತ್ತು ಸಲ ಆಗ್ಲಿ, ತಣ್ಣೀರಲ್ಲಿ ಜಾಲಿಸ್ತೀನಿ. ಚಮಚ ಹಿಡ್ಕೊಂಡು ನೀನೇ ಪಾಸು ಮಾಡು." ಅಷ್ಟು ಹೇಳಿ ಟವೆಲ್ಲಿನ ಕಡೆ ತಿರುಗಿದಳು. "ಅಲ್ವೇ, ಇದಕ್ಕೆ ಎಷ್ಟು ಸಲ ಹಾಕಿದೀಯ?"

"ಮೂರು."

"ಎಲ್ಲದಕ್ಕೂ?"

"ನೆಲ ಒರೆಸೋ ಬನಿಯನ್ನಿಗೂ."

ಅಕ್ಕನ ತುಟಿಯ ತುದಿ ಅದುರಿತು. "ನಾನು ಬಚ್ಚಲಲ್ಲಿ ಅರ್ಧ ಗಂಟೆಯಿಂದ ಒರೆಸ್ತೀನಿ, ಒರೆಸ್ತೀನಿ, ನೀರು ಹೋಗ್ತಾನೇ ಇಲ್ಲ... ನಂಗೇನೋ ಚರ್ಮದ ಕಾಯಿಲೆ ಬಂತು ಅಂತ... ಡಾಕ್ಟರಿಗೆ ಏನಂತ ಹೇಳೋದು, 'ಮೈ ಒಣಗ್ತಿಲ್ಲ ಸಾರ್' ಅಂತಾನಾ ಅಂತ ಯೋಚಿಸ್ತಾ ನಿಂತಿದ್ದೆ ಕಣೇ!"

ಮೊದಲು ಅಮ್ಮನ ಬಾಯಿಂದ ಸೆರಗು ಜಾರಿತು. ಆಮೇಲೆ ಹುಡುಗಿಯರು. ಚಿಕ್ಕಿ ತಡೆದುಕೊಳ್ಳಬೇಕೆಂದಿದ್ದಳು, ಆಗಲಿಲ್ಲ. ಅಷ್ಟರಲ್ಲಿ ಕುರ್ಚಿಯ ತೋಳು ಹಿಡಿದು, ಒದ್ದೆ ಜಡೆಯಿಂದ ನಾಲ್ಕೂ ದಿಕ್ಕಿಗೆ ನೀರು ಸಿಡಿಸುತ್ತ, ಉಸಿರು ಸಿಕ್ಕದೆ ತೊಡೆ ಬಡಿದುಕೊಳ್ಳುತ್ತ, ಆ ಎಲ್ಲರ ನಗೆಯನ್ನೂ ಮುಳುಗಿಸಿ ನಗುತ್ತಿದ್ದವಳು ಅಕ್ಕ.