ಅತ್ತೆಯ ಮೂಗು

ಸೊಸೆ ಮೀನುಗಳನ್ನು ತೊಳೆದು, ಕಿವಿರು ಎತ್ತಿ ನೋಡಿ, ಒಂದೊಂದಾಗಿ ಅತ್ತೆಯ ಮುಂದಿನ ಹಲಗೆಗೆ ಸರಿಸುತ್ತಿದ್ದಳು. ಅತ್ತೆ ಬಾಗಿ, ಕಿವಿರಿಗೆ ಮೂಗು ತಾಗಿಸಿ ಉಸಿರೆಳೆದು “ಹೂಂ” ಅಂದರೆ ಮಾತ್ರ ಮೀನು ತಕ್ಕಡಿ ಏರಬೇಕು. ಈ ಅಂಗಡಿಯ ಕಾನೂನೇ ಅದು.

ಬಂದರಿನಾಚೆ ಹಡಗೊಂದು ವಾಲಿ, ರಾಸಾಯನಿಕ ತುಂಬಿದ ಪೀಪಾಯಿಗಳು ಸಮುದ್ರಕ್ಕೆ ಉರುಳಿದಾಗಿನಿಂದ ಮೀನೆಂದರೆ ಜನ ಮಾರುದೂರ ಹೋಗುತ್ತಿದ್ದರು. ಅಧಿಕಾರಿಗಳು ನೀರು ಪರೀಕ್ಷಿಸಿ ದೋಣಿಗಳಿಗೆ ಅಪ್ಪಣೆ ಕೊಟ್ಟ ಮೇಲೆ ಇದು ಮೊದಲ ವ್ಯಾಪಾರ. ಅಕ್ಕಪಕ್ಕದ ಅಂಗಡಿಯವರು ನೊಣ ಹೊಡೆಯುತ್ತಿದ್ದರು. ಇಲ್ಲಿ ಮಾತ್ರ, ಅತ್ತೆಯ ಮೂಗನ್ನು ನಂಬಿ, ನಾಲ್ಕು ಜನ ನಿಂತಿದ್ದರು.

“ಸರಿಯಾಗಿ ನೋಡಕ್ಕಾ, ಮಗಳು ಬಸುರಿ,” ಅಂದರು ಸಾಲಿನ ಮುಂದಿದ್ದ ಟೀಚರಮ್ಮ.

“ನನ್ನ ಮೂಗನ್ನೇ ಪರೀಕ್ಷೆ ಮಾಡ್ತೀರಾ? ಇದರ ಉದ್ದ ನೋಡಿ ನಮ್ಮೋರು ಮದುವೆ ದಿನ ಓಡಿಹೋಗೋದ್ರಲ್ಲಿದ್ರು!”

ಎಲ್ಲರೂ ನಕ್ಕರು. ಅಷ್ಟರಲ್ಲಿ ಸೊಸೆ ಮತ್ತೊಂದು ಮೀನಿನ ಕಿವಿರು ಎತ್ತಿದಳು. ಬಣ್ಣದ ಡಬ್ಬಿ ತೆರೆದಂತೆ ಗಪ್ಪೆಂದು ವಾಸನೆ ಬಡಿಯಿತು. ಅತ್ತೆ ಎಸೀತಾರೆ ಬಿಡು, ಅಂದುಕೊಂಡು ಹಲಗೆಗೆ ಸರಿಸಿದಳು.

ಅತ್ತೆ ಬಾಗಿದರು. ಉಸಿರೆಳೆದರು. “ಹೂಂ. ತೂಗು.”

ಸೊಸೆ ಮೀನನ್ನು ತಕ್ಕಡಿಗೆ ಹಾಕದೆ ಕೈಯಲ್ಲೇ ಹಿಡಿದುಕೊಂಡಳು. ಪೀಪಾಯಿಗಳು ದಡಕ್ಕೆ ಬಂದ ದಿನ ಆ ನೊರೆಯಲ್ಲಿಳಿದು ಬಲೆ ಎಳೆದು ತಂದವರು ಅತ್ತೆ. ಆಮೇಲೆ ಎಷ್ಟೋ ದಿನ ಗಂಟಲುರಿ ಎಂದು ನರಳಿದ್ದರು. ಮೊನ್ನೆ ಹಾಲು ಸೀದು ಕರಕಲಾಗುತ್ತಿದ್ದರೂ ಒಲೆಗೆ ಬೆನ್ನು ಹಾಕಿ ನಿಶ್ಚಿಂತೆಯಿಂದ ಬಟ್ಟೆ ಮಡಿಸುತ್ತಿದ್ದರು. ಈಗ ಅವರು ತಲೆಯೆತ್ತಿ ಸೊಸೆಯ ಮುಖವನ್ನೇ ನೋಡುತ್ತಿದ್ದರು, ಉತ್ತರ ಸರಿಯೋ ತಪ್ಪೋ ಎಂದು ಕಾಯುವ ಮಗುವಿನ ಹಾಗೆ.

“ಅಯ್ಯೋ, ನನ್ನ ಉಗುರು ತಾಗಿ ಇದರ ಹೊಟ್ಟೆ ಒಡೆದಿದೆ ಅತ್ತೆ. ಟೀಚರಮ್ಮಂಗೆ ಬೇರೆ ಕೊಡೋಣ.”

“ಇಷ್ಟು ವರ್ಷವಾದ್ರೂ ನಿನ್ನ ಕೈ ಬಿರುಸು ಹೋಗಲಿಲ್ಲ ನೋಡು!”

“ಕಲಿಸಿದೋರು ಯಾರು ಮತ್ತೆ?”

“ಬಾಯಿ ಮಾತ್ರ ನಾನು ಕಲಿಸಿದ್ದಲ್ಲಮ್ಮಾ!” ಅತ್ತೆಯ ಮುಖ ಅರಳಿತು.

ಮದುವೆಯಾದ ಹೊಸದರಲ್ಲಿ ಮೀನಿನ ವಾಸನೆಗೇ ವಾಂತಿ ಮಾಡುತ್ತಿದ್ದ ಸೊಸೆಯನ್ನು ಪಕ್ಕದಲ್ಲಿ ಕೂರಿಸಿಕೊಂಡು, ಒಳ್ಳೆಯದು ಯಾವುದು, ಕೆಟ್ಟದ್ದು ಯಾವುದು ಎಂದು ಮೂಗಿಗೆ ಪಾಠ ಹೇಳಿದವರು ಇದೇ ಅತ್ತೆ. ಆ ವಾಂತಿಯ ಸುದ್ದಿಯನ್ನು ಮಗನ ಕಿವಿಗೂ ಹಾಕಿರಲಿಲ್ಲ.

ಸೊಸೆ ಆ ಮೀನನ್ನು ಕಸದ ಬುಟ್ಟಿಗೆ ಹಾಕಿ, ಕೈ ತೊಳೆದು, ನೀರಿನ ತೊಟ್ಟಿಯ ಮೇಲೆ ಬಾಗಿದಳು. ಇನ್ನು ಮೇಲೆ ಪ್ರತಿ ಮೀನನ್ನೂ ಇಲ್ಲೇ, ತೊಳೆಯುವ ನೆಪದಲ್ಲಿ, ತಾನು ಮೂಸಬೇಕು. ಒಳ್ಳೆಯದಷ್ಟೇ ಹಲಗೆ ಸೇರಬೇಕು. “ಹೂಂ” ಅನ್ನುವವರು ಮಾತ್ರ ಅತ್ತೆಯೇ.

ಅವಳು ಇನ್ನೊಂದು ಮೀನು ಎತ್ತಿಕೊಂಡು, ಯಾರಿಗೂ ಕಾಣದಂತೆ ಉಸಿರೆಳೆದಳು.