ಬೆನ್ನ ಹಿಂದಿನ ಕೈ

ನಮ್ಮ ಮಾವನಿಗೆ ಬೀದಿಯವರು ಇಟ್ಟ ಹೆಸರು ಎಂಜಿನ್. ಬೆಳಿಗ್ಗೆ ಕೆಲಸಕ್ಕೆ ಹೊರಡುವ ನಮ್ಮ ಸೈಕಲ್ ಸಾಲಿಗೆ ಅವರೇ ಮುಂದು. ಅವರ ಹಿಂದೆ ಸೊಸೆಯಾದ ನಾನು, ನನ್ನ ಹಿಂದೆ ಎದುರು ಮನೆಯ ನರ್ಸಮ್ಮ, ಕೊನೆಯಲ್ಲಿ ಡ್ರಾಯಿಂಗ್ ಮೇಷ್ಟ್ರು. ಮೇಷ್ಟ್ರ ಸೈಕಲ್ ಮಾಡುವ ಗಲಾಟೆಗೆ ಅವರನ್ನು ಬೇರೆಲ್ಲೂ ಸೇರಿಸುವ ಹಾಗಿರಲಿಲ್ಲ. ಎಲ್ಲರ ಕೆಲಸವೂ ಸೇತುವೆಯ ಆಚೆಗೆ. ಮಾವ ಅಲ್ಲೊಂದು ಹಾರ್ಡ್‌ವೇರ್ ಅಂಗಡಿಯಲ್ಲಿ ಸಾಮಾನು ತೆಗೆದುಕೊಡುತ್ತಾರೆ. ನಾನು ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಹೊಲಿಗೆ ಪರೀಕ್ಷಿಸುತ್ತೇನೆ. ಬಿಟ್ಟ ಹೊಲಿಗೆ, ಸೊಟ್ಟ ಹೊಲಿಗೆ, ಕೂರದ ಕಾಲರ್. ತಪ್ಪು ಹುಡುಕುವುದಕ್ಕೇ ನನಗೆ ಸಂಬಳ. ಮನೆಯಲ್ಲಿ ಅದನ್ನೇ ಪುಕ್ಕಟೆ ಮಾಡುತ್ತೇನೆಂದು ನನ್ನ ಗಂಡ ರೇಗಿಸುತ್ತಿರುತ್ತಾನೆ.

ನಾವು ಹೋಗುವ ದಾರಿಯನ್ನು ಸೈಕಲ್ ಪಥ ಅನ್ನಲು ನನಗೆ ಇವತ್ತಿಗೂ ನಾಲಿಗೆ ಹೊರಳುವುದಿಲ್ಲ. ಹಿಂದೊಮ್ಮೆ ನಗರಸಭೆಯವರು ಹಸಿರು ಬಣ್ಣ ಬಳಿದು, ನೆಲದ ಮೇಲೆ ಸೈಕಲ್ಲಿನ ಚಿತ್ರ ಬರೆದು, ಟೇಪು ಕತ್ತರಿಸಿ ಫೋಟೋ ತೆಗೆಸಿಕೊಂಡು ಹೋದರು. ಫೋಟೋದಲ್ಲಿದ್ದವರೆಲ್ಲ ಬಂದದ್ದು ಕಾರಿನಲ್ಲಿ. ಪಥ ಶುರುವಾಗುವ ಕಡೆಯೇ ಒಂದು ಕರೆಂಟ್ ಕಂಬ, ನಟ್ಟನಡುವೆ. ಅದನ್ನು ದಾಟಿದರೆ ಚರಂಡಿಯ ಚಪ್ಪಡಿಗಳು, ಒಂದಿದ್ದರೆ ಇನ್ನೊಂದಿಲ್ಲ. ಆಮೇಲೆ ಯಾರದೋ ಮನೆ ಕಟ್ಟಲು ತಂದು ಸುರಿದ ಮರಳು, ಜಲ್ಲಿ. ಶಾಲೆಯ ಮೂಲೆಯಿಂದ ಸೇತುವೆಯವರೆಗೆ ಮಾತ್ರ, ಕಾರುಗಳು ನುಗ್ಗದಿರಲಿ ಎಂದು ಒಂದು ಪಕ್ಕಕ್ಕೆ ಕಬ್ಬಿಣದ ಕಂಬಿ ಹಾಕಿದ್ದಾರೆ. ಇನ್ನೊಂದು ಪಕ್ಕ ಗೋಡೆ. ಕಾರು ನುಗ್ಗುವುದಿಲ್ಲ, ನಿಜ. ಒಂದು ಸೈಕಲ್ಲಿನ ಪಕ್ಕ ಇನ್ನೊಂದು ಸೈಕಲ್ಲೂ ನುಗ್ಗುವುದಿಲ್ಲ. ಸೇತುವೆ ಬಂದ ಕೂಡಲೇ ಕಂಬಿ ಮುಗಿದು, ನಮ್ಮನ್ನು ಲಾರಿಗಳ ಮಗ್ಗುಲಿಗೆ ತಂದು ಬಿಡುತ್ತದೆ.

ಇಂಥ ದಾರಿಯಲ್ಲಿ ನಾವು ಇಷ್ಟು ವರ್ಷ ಹಲ್ಲು ಮುರಿದುಕೊಳ್ಳದೆ ಓಡಾಡಿದ್ದು ಮಾವನ ಎಡಗೈಯಿಂದ. ಸೈಕಲ್ ತುಳಿಯುತ್ತಲೇ ಅವರು ಆ ಕೈಯನ್ನು ಬೆನ್ನ ಹಿಂದಕ್ಕೆ ತರುತ್ತಿದ್ದರು. ಎರಡು ಬೆರಳು ಎಡಕ್ಕೆ ಚಾಚಿದರೆ ಎಡಗಡೆ ಗುಂಡಿ, ಬಲಕ್ಕೆ ಚಾಚಿದರೆ ಬಲಗಡೆ, ಅಂಗೈ ಬಿಚ್ಚಿದರೆ ನಿಲ್ಲಬೇಕು. ನೋಡಿದವರು ಅದನ್ನೇ ತಮ್ಮ ಹಿಂದಿನವರಿಗೆ ದಾಟಿಸಬೇಕು. ಹಿಂದಿನವರು ರಸ್ತೆ ನೋಡಬಾರದು, ಕೈ ನೋಡಬೇಕು ಎಂಬುದು ಸಾಲಿನ ಕಾನೂನು. ಹಿಂದಿನಿಂದ ಯಾರೂ ಕೂಗುವ ಹಾಗೂ ಇರಲಿಲ್ಲ. ಒಮ್ಮೆ ಮೇಷ್ಟ್ರು ಏನನ್ನೋ ನೆನಪಿಸಿಕೊಂಡು ಕೂಗಿದಾಗ ನರ್ಸಮ್ಮ ತಿರುಗಿ ನೋಡಿ, ಕಂಬಿಗೆ ಹೊಡೆದುಕೊಂಡು ಮಣಿಕಟ್ಟು ಮುರಿದುಕೊಂಡಿದ್ದರು. ಅಂದಿನಿಂದ ಹಿಂದಿನವರಿಗೆ ನಿಲ್ಲಬೇಕಾದರೆ ಗಂಟೆ. ಒಬ್ಬರು ಬಾರಿಸಿದರೆ ಮುಂದಿನವರು ಬಾರಿಸಿ ಎಂಜಿನ್‌ವರೆಗೆ ಮುಟ್ಟಿಸಬೇಕು.

ಆ ಸೋಮವಾರ ಸಾಲಿಗೆ ನನ್ನ ಮಗಳು ಸೇರಿದಳು. ಸೇತುವೆಯಾಚೆಯ ಹೈಸ್ಕೂಲಿಗೆ ಅವಳ ಮೊದಲ ದಿನ. ತಾತ ಅವಳನ್ನು ಬೋಗಿ ಎಂದೇ ಕರೆಯುತ್ತಿದ್ದರು, ಎಂಜಿನ್ನಿನ ಹಿಂದಿನ ಜಾಗ ಅವಳದೇ ಎಂದು ಚಿಕ್ಕಂದಿನಿಂದ ಮಾತು ಕೊಟ್ಟಿದ್ದರು. ಮಾತು ಉಳಿಸಿಕೊಂಡರು. ನಾನು ಮೂರನೆಯವಳಾದೆ.

ಹೊರಡುವ ಮುಂಚೆ ನಾನು ಚಕ್ರಕ್ಕೆ ಗಾಳಿ ಹೊಡೆಯುತ್ತಿದ್ದಾಗ ನರ್ಸಮ್ಮ ಬಂದು ಒಂದು ವಿಷಯ ಹೇಳಿದರು. ಭಾನುವಾರ ಡ್ಯೂಟಿ ಇದ್ದದ್ದು ಅವರೊಬ್ಬರಿಗೇ. ಸೇತುವೆಯ ಬಾಯಲ್ಲೇ, ಪೈಪು ಹಾಕಲೆಂದು ನಮ್ಮ ಪಥಕ್ಕೆ ಅಡ್ಡಲಾಗಿ ಅಗೆದಿದ್ದಾರಂತೆ. ಸೊಂಟದಷ್ಟು ಆಳ, ಎದುರಿಗೆ ಒಂದು ಕಲ್ಲು ಕೂಡ ಅಡ್ಡ ಇಟ್ಟಿಲ್ಲವಂತೆ. ಅಗೆದವರಿಗೆ ಬಾಯಿತುಂಬ ಬೈದೆ. ಮಾವ ಆಗ ಬೋಗಿಗೆ ಬೆರಳಿನ ಪಾಠ ಹೇಳಿಕೊಡುತ್ತಿದ್ದರು, ಈ ಮಾತು ಅವರ ಕಿವಿಗೆ ಬೀಳಲಿಲ್ಲ. ನಾನೂ ಹೇಳುವ ಗೋಜಿಗೆ ಹೋಗಲಿಲ್ಲ. ನಮಗೆಲ್ಲರಿಗಿಂತ ಮೊದಲು ಅವರಿಗೇ ಕಾಣುತ್ತದಲ್ಲ ಅಂದುಕೊಂಡೆ.

ಕಂಬ ದಾಟಿದೆವು, ಚಪ್ಪಡಿಗಳನ್ನು ದಾಟಿದೆವು. ತಾತನ ಬೆರಳು ಅತ್ತ ಚಾಚಿದರೆ ಮೊಮ್ಮಗಳ ಬೆರಳೂ ಅತ್ತ. ಸಣ್ಣ ಕೈ, ಆದರೆ ಗತ್ತಿಗೆ ಏನೂ ಕಡಿಮೆ ಇರಲಿಲ್ಲ. ಹಿಟ್ಟಿನ ಗಿರಣಿಯ ಮುಂದೆ ಮಾವ ಎಡಕ್ಕೆ ಗುಂಡಿ ತೋರಿಸಿದರು. ಬೋಗಿ ತೋರಿಸಿದಳು, ನಾನೂ ತೋರಿಸಿದೆ. ತೋರಿಸಿ ಪಕ್ಕಕ್ಕೆ ಸರಿದ ಮೇಲೆ ನೆಲ ನೋಡಿದೆ. ಗುಂಡಿ ಇರಲಿಲ್ಲ. ಹೋದ ವಾರ ಅದಕ್ಕೆ ಟಾರು ಸುರಿದು ಮುಚ್ಚಿದ್ದರು. ಇಡೀ ದಾರಿಯಲ್ಲಿ ನಗರಸಭೆಯವರು ಮಾಡಿದ್ದ ಒಂದೇ ಒಳ್ಳೆಯ ಕೆಲಸ, ಕರ್ರಗೆ ಮಿರಮಿರ ಹೊಳೆಯುತ್ತಿತ್ತು.

ಅಭ್ಯಾಸಬಲ, ಪಾಪ, ಎಂದು ನಕ್ಕೆ.

ಶಾಲೆಯ ಮೂಲೆಯಲ್ಲಿ ನಗು ನಿಂತುಹೋಯಿತು. ಅಲ್ಲಿ ಹೊಸದಾಗಿ ಮರಳು ಸುರಿದಿದ್ದರು. ಆಳೆತ್ತರದ ರಾಶಿ, ಅರ್ಧ ಪಥ ನುಂಗಿತ್ತು. ಮಾವನ ಕೈ ಹಿಂದಕ್ಕೆ ಬರಲೇ ಇಲ್ಲ. ಅವರು ನೆಟ್ಟಗೆ ಹೋಗಿ ರಾಶಿಯ ಅಂಚಿಗೆ ಚಕ್ರ ಹತ್ತಿಸಿದರು, ಸೈಕಲ್ ಹೊಯ್ದಾಡಿತು, ಒಂದು ಕಾಲು ನೆಲಕ್ಕೆ ಊರಿ ಹೇಗೋ ಸಾವರಿಸಿಕೊಂಡರು. ಕೈಯನ್ನೇ ನೋಡುತ್ತಿದ್ದ ಬೋಗಿಯೂ ಅವರ ಹಿಂದೆಯೇ ಮರಳಿಗೆ ಹತ್ತಿ ಇಳಿದಳು. ಇದೂ ಆಟ ಅಂದುಕೊಂಡಳೋ ಏನೋ, ಅವಳು ನಕ್ಕದ್ದು ನನಗೆ ಕೇಳಿಸಿತು. ಅಷ್ಟರಲ್ಲಿ ನಾವು ಕಂಬಿ ಮತ್ತು ಗೋಡೆಯ ನಡುವೆ ಸೇರಿಕೊಂಡಿದ್ದೆವು.

ಆಗ ಒಂದೊಂದೇ ನೆನಪಾಯಿತು. ಈಚೆಗೆ ಪೇಪರನ್ನು ಮೊಮ್ಮಗಳ ಕೈಲಿ ಓದಿಸಿಕೊಳ್ಳುತ್ತಿದ್ದರು, ಅವಳಿಗೆ ಓದು ಸುಧಾರಿಸಲಿ ಎಂದು. ಅಡುಗೆಮನೆಯ ಬಲ್ಬು ಮಂಕು ಎಂದು ಎರಡು ಸಲ ಬದಲಾಯಿಸಿದ್ದರು. ನೀರಿನ ಲೋಟ ಎತ್ತಿಕೊಳ್ಳುವ ಮುಂಚೆ ಮೇಜಿನ ಮೇಲೆ ಅಂಗೈ ಸವರುತ್ತಿದ್ದರು. ಅಂಗಡಿಯಲ್ಲಿ ಮೊಳೆ ಬೋಲ್ಟುಗಳ ಅಳತೆ ಅವರ ಬೆರಳಿಗೇ ಗೊತ್ತು, ಅಲ್ಲಿ ಯಾರಿಗೂ ಅನುಮಾನ ಬರುವ ಹಾಗಿಲ್ಲ. ಈ ಮನುಷ್ಯನಿಗೆ ಕಣ್ಣು ಕಾಣುತ್ತಿಲ್ಲ. ದಾರಿಯನ್ನು ಬಾಯಿಪಾಠ ಒಪ್ಪಿಸುತ್ತಿದ್ದಾರೆ, ಮತ್ತು ಆ ಬಾಯಿಪಾಠದಲ್ಲಿ ಸೇತುವೆಯ ಬಾಯಿಯ ಹಳ್ಳ ಇಲ್ಲ. ಅವರ ಹಿಂದೆ, ರಸ್ತೆ ನೋಡಬೇಡ ಕೈ ನೋಡು ಎಂದು ಪಾಠ ಹೇಳಿಸಿಕೊಂಡ ನನ್ನ ಮಗಳಿದ್ದಾಳೆ.

ಮುಂದೆ ಹೋಗೋಣವೆಂದರೆ ಜಾಗವಿಲ್ಲ. ಕೂಗೋಣವೆಂದರೆ ಬೋಗಿ ತಿರುಗಿ ನೋಡುತ್ತಾಳೆ, ಕಂಬಿ ಅವಳ ಮೊಣಕೈಗೆ ತಾಗುವಷ್ಟು ಹತ್ತಿರ. ಮುಂದೆ ಸೇತುವೆಯ ಕಮಾನು ಆಗಲೇ ಕಾಣುತ್ತಿತ್ತು. ಮಾವನಿಗೆ ಇಲ್ಲಿಂದ ದಾರಿ ನೇರವೆಂದು ಗೊತ್ತು, ಅವರು ಯಾವತ್ತೂ ಇಲ್ಲೇ ಜೋರು ಮಾಡುವುದು. ಇವತ್ತೂ ಜೋರು ಮಾಡಿದರು. ಅವರಿಗೆ ಸಮನಾಗಿ ಬೋಗಿ ಎದ್ದುನಿಂತು ತುಳಿಯತೊಡಗಿದಳು.

ಗಂಟೆ ಬಾರಿಸಿದೆ. ಬೋಗಿ ಬಾರಿಸಲಿಲ್ಲ. ಮತ್ತೆ ಬಾರಿಸಿದೆ. ಪಕ್ಕದಲ್ಲಿ ಲಾರಿಯೊಂದು ಹಾರ್ನ್ ಒತ್ತಿಕೊಂಡೇ ಹೋಯಿತು, ನನ್ನ ಗಂಟೆ ನನಗೇ ಕೇಳಿಸಲಿಲ್ಲ. ಅಗೆದ ಮಣ್ಣಿನ ಕೆಂಪು ಗುಡ್ಡೆ ಸೇತುವೆಯ ಪಕ್ಕದಲ್ಲಿ ಕಾಣಿಸಿತು. ದೇವರೇ, ಬೆರಳಿನ ಪಾಠ ಮಾಡಿದವರು ಗಂಟೆಯ ಪಾಠ ಮಾಡಿದ್ದಾರೋ ಇಲ್ಲವೋ. ಹೆಬ್ಬೆರಳು ನೋಯುವ ಹಾಗೆ ಒತ್ತಿ ಒತ್ತಿ ಬಾರಿಸಿದೆ, ಬಿಡದೆ ಬಾರಿಸಿದೆ. ಲಾರಿ ದಾಟಿ ಹೋಯಿತು. ಬೋಗಿಯ ಬೆನ್ನು ನೆಟ್ಟಗಾಯಿತು, ಅವಳು ಸೀಟಿನ ಮೇಲೆ ಕೂತಳು. ಆಮೇಲೆ ಅವಳ ಹೊಸ ಗಂಟೆ ಕಿಣಿ ಎಂದಿತು.

ಮಾವನ ಅಂಗೈ ಬೆನ್ನ ಹಿಂದೆ ಅರಳಿತು. ಸಾಲು ನಿಧಾನವಾಗಿ ನಿಂತಿತು. ಹಳ್ಳಕ್ಕೆ ಇನ್ನು ಒಂದು ಮನೆಯ ಅಂಗಳದಷ್ಟು ದೂರವಿತ್ತು.

ಅವರು ಸೈಕಲ್ಲನ್ನು ಗೋಡೆಗೆ ಒರಗಿಸಿ, ಗೋಡೆ ಸವರಿಕೊಂಡು ನನ್ನ ಹತ್ತಿರ ಬಂದರು.

"ಏನಾಯ್ತಮ್ಮ?"

ಮಗಳ ಎದುರಿಗೆ ಹೇಳಲು ಬಾಯಿ ಬರಲಿಲ್ಲ. ಚೈನ್ ಬಿತ್ತು ಎಂದುಬಿಟ್ಟೆ. ಸಾಲಿನಲ್ಲಿ ಯಾರ ಚೈನ್ ಬಿದ್ದರೂ ಹಾಕುವವರು ಅವರೇ. ಅವರು ಕುಕ್ಕರಗಾಲಿನಲ್ಲಿ ಕೂತು ಕೈ ಹಾಕಿದರು. ಬೆರಳು ಚೈನಿನ ಮೇಲೆ ಒಂದು ಸುತ್ತು ಹೋಗಿ ಬಂತು. ಇನ್ನೊಂದು ಸುತ್ತು ಹೋಯಿತು. ಚೈನ್ ತನ್ನ ಜಾಗದಲ್ಲಿ ಬಿಗಿಯಾಗಿ ಕೂತಿತ್ತು. ಬೆರಳು ಅಲ್ಲೇ ನಿಂತಿತು. ಅವರು ತಲೆ ಎತ್ತಲಿಲ್ಲ.

"ಬಿದ್ದಿಲ್ಲವಲ್ಲ," ಅಂದರು.

"ಇಲ್ಲ ಮಾವ. ಗಿರಣಿ ಮುಂದಿನ ಗುಂಡಿ ಮುಚ್ಚಿ ವಾರ ಆಯ್ತು. ನೀವು ಇವತ್ತೂ ತೋರಿಸಿದ್ರಿ."

ಹಿಂದಿನಿಂದ ಮೇಷ್ಟ್ರು ಏನು ಸಮಾಚಾರ ಎಂದು ಕೇಳಿದರು. ನರ್ಸಮ್ಮ ಅವರನ್ನು ಸುಮ್ಮನಿರಿಸಿದರು.

"ಅಕ್ಕಪಕ್ಕ ಒಂದಿಷ್ಟು ಕಾಣತ್ತೆ," ಅಂದರು ಮಾವ. "ನಡುವೆ ಮಾತ್ರ ಹೊಗೆ. ದಾರಿ ಗೊತ್ತಿರೋದೇ ಅಲ್ವಾ, ಹೇಗೋ ಆಗತ್ತೆ ಅಂದ್ಕೊಂಡೆ."

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಹಿರಿಯರೆಂದು ಇಷ್ಟು ದಿನ ನುಂಗಿಕೊಂಡದ್ದೆಲ್ಲ ಗಂಟಲಿಗೆ ಬಂತು. ಆದರೂ ದನಿ ಎತ್ತಲಿಲ್ಲ.

"ಮುಂದೆ ಹಳ್ಳ ತೋಡಿದಾರೆ ಮಾವ. ನಿನ್ನೆ ತೋಡಿದ್ದು, ನಿಮಗೆ ಗೊತ್ತಿಲ್ಲದ್ದು. ನಿಮ್ಮ ಹಿಂದೆ ಮಗು ಇತ್ತು."

ಅವರು ಸೇತುವೆಯ ಕಡೆಗೆ ಮುಖ ಮಾಡಿದರು. ಎಷ್ಟು ಹೊತ್ತು ನೋಡಿದರೂ ಅಲ್ಲಿ ಅವರಿಗೆ ಏನೂ ಕಾಣಲಿಲ್ಲ ಎಂಬುದು ಮುಖದಲ್ಲೇ ತಿಳಿಯುತ್ತಿತ್ತು. ಗ್ರೀಸ್ ಅಂಟಿದ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡರು. ಹಿಂದೆಂದೂ ಅವರು ಪ್ಯಾಂಟಿಗೆ ಕೈ ಒರೆಸಿದ್ದನ್ನು ನಾನು ಕಂಡಿರಲಿಲ್ಲ. ಬೋಗಿ ಆಗಲೇ ಸೈಕಲ್ ಇಳಿದು ಹತ್ತಿರ ಬಂದು ನಿಂತಿದ್ದಳು. ತಾತನಿಗೆ ಅಕ್ಷರ ಕಾಣುವುದಿಲ್ಲವೆಂದು ಅವಳಿಗೆ ಗೊತ್ತಿತ್ತಂತೆ. ರಸ್ತೆ ಕಾಣುತ್ತದೆ, ಅಮ್ಮನಿಗೆ ಹೇಳಬೇಡ ಅಂದಿದ್ದರಂತೆ. ಅಷ್ಟು ಹೇಳಿ ಅತ್ತುಬಿಟ್ಟಳು.

ಪೊರೆ ಬಂದಿರಬಹುದು, ನಮ್ಮ ಆಸ್ಪತ್ರೆಯಲ್ಲೇ ಇವತ್ತೇ ತೋರಿಸೋಣ ಎಂದು ನರ್ಸಮ್ಮ ಹೇಳಿದರು. ಮಾವ ತಲೆಯಾಡಿಸಿದರು, ಕೇಳಿಸಿಕೊಂಡ ಹಾಗಿರಲಿಲ್ಲ. ನೀವೆಲ್ಲ ಹೊರಡಿ, ಹೊತ್ತಾಯಿತು, ನಾನು ಗೋಡೆ ಹಿಡಿದುಕೊಂಡು ಮನೆಗೆ ಹೋಗುತ್ತೇನೆ ಎಂದರು. ಆಮೇಲೆ ಬೋಗಿಯ ತಲೆಯ ಮೇಲೆ ಕೈಯಿಟ್ಟರು.

"ಇವತ್ತಿಂದ ನಿಮ್ಮಮ್ಮನೇ ಎಂಜಿನ್. ಅವಳ ಕೈ ನೋಡ್ಕೊಂಡು ಹೋಗು."

ನನಗೆ ಬೇಕಿದ್ದದ್ದೂ ಅದೇ. ಬೇಕಿದ್ದದ್ದು ಕೈಗೆ ಬಂದಾಗ ಬೇಡವೆನಿಸಿತು. ನನ್ನ ಸೈಕಲ್ ಮುಂದಕ್ಕೆ ತೂರುವಂತಿರಲಿಲ್ಲ. ಅದನ್ನು ಅವರ ಕೈಗೆ ಕೊಟ್ಟು, ನೀವೆಲ್ಲೂ ಒಬ್ಬರೇ ಹೋಗುವುದು ಬೇಡ ಎಂದಷ್ಟೇ ಹೇಳಿ, ಮುಂದೆ ಹೋಗಿ ಅವರ ಸೈಕಲ್ ಏರಿದೆ. ಸೀಟು ಎತ್ತರ, ಹಿಡಿಕೆಯ ರಬ್ಬರು ಅವರ ಬೆರಳಿನ ಅಚ್ಚಿಗೆ ಸವೆದಿತ್ತು. ಮೆಲ್ಲಗೆ ತುಳಿದೆ. ಇಷ್ಟು ವರ್ಷ ಒಂದು ಕೈಯನ್ನು ನೋಡಿಕೊಂಡು ಬಂದಿದ್ದೇನೆ, ದಾರಿಯನ್ನು ನಾನೇ ನೋಡಿರಲಿಲ್ಲ. ಎಷ್ಟೊಂದು ಬಿರುಕು, ಎಷ್ಟೊಂದು ತಗ್ಗು, ಎದ್ದುನಿಂತ ಕಬ್ಬಿಣದ ಸರಳು. ಯಾವುದನ್ನು ತೋರಿಸಲಿ, ಯಾವುದನ್ನು ಬಿಡಲಿ ತಿಳಿಯಲಿಲ್ಲ. ಇದನ್ನೆಲ್ಲ ಆ ಮನುಷ್ಯ ಹೊಗೆಯೊಳಗೆ ಕೂತು ನೆನಪಿನಿಂದ ತೋರಿಸುತ್ತಿದ್ದರು. ಅವರ ಮೇಲಿನ ಸಿಟ್ಟು ಇಳಿದಿರಲಿಲ್ಲ, ಆದರೂ ಕಣ್ಣು ತುಂಬಿ ದಾರಿ ಮಂಜಾಯಿತು. ಒರೆಸಿಕೊಂಡೆ. ಇದು ಅಳುವ ಜಾಗವಲ್ಲ.

ಹಳ್ಳದ ಅಂಚಿನಲ್ಲಿ ಅಂಗೈ ಬಿಚ್ಚಿ ಇಳಿದೆ. ಸೊಂಟದಷ್ಟು ಆಳ ಎಂದದ್ದು ಸುಳ್ಳಲ್ಲ, ತಳದಲ್ಲಿ ಒಡೆದ ಕಾಂಕ್ರೀಟು. ಸೈಕಲ್ಲನ್ನು ಅಲ್ಲೇ ನಿಲ್ಲಿಸಿ ಕಂಬಿಯ ತುದಿಯಿಂದ ಲಾರಿಗಳ ರಸ್ತೆಗೆ ಇಳಿದು ಕೈ ಅಡ್ಡ ಹಿಡಿದೆ. ಒಬ್ಬ ಬೈದ, ಇನ್ನೊಬ್ಬ ನಿಲ್ಲಿಸಿದ. ಎಲ್ಲರೂ ಬನ್ನಿ ಎನ್ನಲು ತಿರುಗಿದೆ.

ಸಾಲಿನಲ್ಲಿ ಯಾರೂ ಸೈಕಲ್ ಮೇಲಿರಲಿಲ್ಲ. ಎಲ್ಲರೂ ಇಳಿದು, ಸೈಕಲ್ಲನ್ನು ಬಲಗೈಯಲ್ಲಿ ತಳ್ಳಿಕೊಂಡು ನಡೆದು ಬರುತ್ತಿದ್ದರು. ಮುಂದೆ ಬೋಗಿ. ಅವಳ ಎಡಗೈ ಬೆನ್ನ ಹಿಂದಿತ್ತು, ಎರಡು ಬೆರಳು ಚಾಚಿದ್ದವು. ಕಾಣದವರಿಗೆ ತೋರಿಸಿ ಏನು ಬಂತು ಎಂದು ಅವಳಿಗೆ ಹೊಳೆದಿರಬೇಕು, ಬಾಯಲ್ಲೂ ಹೇಳುತ್ತಿದ್ದಳು.

"ತಾತ, ಎಡಗಡೆ ಸರಳು. ಎಡಗಡೆ."

ಮಾವ ಬಲಕ್ಕೆ ಸರಿದರು. ಸರಿದು, ತಮ್ಮ ಎಡಗೈಯನ್ನು ಬೆನ್ನ ಹಿಂದಕ್ಕೆ ತಂದು ಎರಡು ಬೆರಳು ಚಾಚಿದರು. ಕಣ್ಣಿಗೆ ರಾಚುವ ಹಾಗಿದ್ದ ಆ ಸರಳನ್ನು ನರ್ಸಮ್ಮ ನೋಡಲಿಲ್ಲ, ಅವರ ಕೈ ನೋಡಿದರು, ನೋಡಿ ತಮ್ಮ ಕೈ ಚಾಚಿದರು. ಎಲ್ಲರಿಗಿಂತ ಕೊನೆಗೆ ಮೇಷ್ಟ್ರು. ಅವರ ಹಿಂದೆ ಯಾರೂ ಇರಲಿಲ್ಲ. ಆದರೂ ಅವರು ಕೈಯನ್ನು ಬೆನ್ನ ಹಿಂದಿಟ್ಟು ಎಡಕ್ಕೆ ತೋರಿಸಿದರು.